ಒಳ್ಳೆ ಶೂಟರ್‌ಗಳಿದ್ದರೂ ಸ್ಕ್ವಾಡ್ ಸೋಲುವುದು ಯಾಕೆ? ಐಜಿಎಲ್ ಮಾಡುವ ಕೆಲಸದ ಲೆಕ್ಕ

ರಾತ್ರಿ ಒಂಬತ್ತರ ಮೇಲೆ ಶಿವಮೊಗ್ಗದ ಯಾವ ಹಾಸ್ಟೆಲ್‌ಗೆ ಹೋದರೂ ಮೊಬೈಲ್‌ನಲ್ಲಿ ನಾಲ್ವರ ತಂಡ (ಸ್ಕ್ವಾಡ್) ಕಟ್ಟಿ ಗನ್ ಆಟ ಆಡುವವರಿಂದ ಕಿವಿಗೆ ಬೀಳುವ ಮಾತು ಹೆಚ್ಚು ಕಡಿಮೆ ಒಂದೇ.

"ಎಲ್ಲಿದಾನೋ?"

"ಅಲ್ಲೇ ಮಾರಾಯ, ಅಲ್ಲೇ!"

"ಅಲ್ಲೇ ಅಂದ್ರೆ ಎಲ್ಲಿ?"

ಅಷ್ಟರಲ್ಲಿ ಇಬ್ಬರು ನಾಕ್, ಅಂದರೆ ಗುಂಡು ತಿಂದು ಬಿದ್ದರು, ಇನ್ನೂ ಸತ್ತಿಲ್ಲ. ಮೂರನೆಯವನು ಅವರನ್ನು ರಿವೈವ್ ಮಾಡಲು (ಎಬ್ಬಿಸಲು) ಓಡುತ್ತಾನೆ, ಅವನೂ ಬೀಳುತ್ತಾನೆ. ನಾಲ್ಕನೆಯವನು ಎಲ್ಲೋ ಹಿಂದಿನ ಮನೆಯಲ್ಲಿ ಸ್ಕೋಪ್ ಹುಡುಕುತ್ತಾ ಇರುತ್ತಾನೆ. ಮ್ಯಾಚ್ ಮುಗಿದ ಮೇಲೆ ಅರ್ಧ ಗಂಟೆ ಜಗಳ.

ಈ ನಾಲ್ವರ ಏಮ್ ನೋಡಿದರೆ ಯಾರದ್ದೂ ಕೆಟ್ಟದಾಗಿಲ್ಲ. ಒಬ್ಬೊಬ್ಬರೇ ಟಿಡಿಎಂ (ಸತ್ತರೂ ಮತ್ತೆ ಎದ್ದು ಬರುವ ಚಿಕ್ಕ ಪಂದ್ಯ) ಆಡಿದರೆ ಗೆಲ್ಲುತ್ತಾರೆ. ಸ್ಕ್ವಾಡ್ ಆಗಿ ಆಡಿದರೆ ಸೋಲುತ್ತಾರೆ. ಕಾರಣ ಹುಡುಕಿದಾಗ ಎಲ್ಲರೂ ಹೇಳುವುದು "ನಮ್ಮಲ್ಲಿ ಒಳ್ಳೆ ಐಜಿಎಲ್ ಇಲ್ಲ" ಅಂತ. ಐಜಿಎಲ್ ಅಂದರೆ ಇನ್-ಗೇಮ್ ಲೀಡರ್, ಆಟ ನಡೆಯುತ್ತಿರುವಾಗಲೇ ತಂಡವನ್ನು ನಡೆಸುವವನು. ಆದರೆ ಅವನು ನಿಜವಾಗಿ ಮಾಡಬೇಕಾದ್ದು ಏನು ಅಂತ ಕೇಳಿದರೆ ಉತ್ತರ ಮಸುಕಾಗುತ್ತದೆ. ಜೋರಾಗಿ ಮಾತಾಡುವವನೇ? ಜಾಸ್ತಿ ಕಿಲ್ ಹೊಡೆಯುವವನೇ? ಲಾಬಿಯಲ್ಲಿ (ಮ್ಯಾಚ್‌ಗೆ ಮೊದಲು ಕಾಯುವ ಕಡೆ) ಎಲ್ಲರನ್ನೂ ಸೇರಿಸುವವನೇ? ಮೂರೂ ಅಲ್ಲ. ಉಳಿದ ಮೂವರ ತಲೆಯಿಂದ "ಮುಂದೇನು" ಅನ್ನುವ ಪ್ರಶ್ನೆಯನ್ನು ತೆಗೆದು ತನ್ನ ತಲೆಗೆ ಹಾಕಿಕೊಳ್ಳುವವನು ಲೀಡರ್. ಅದೂ ಗುಂಡು ಹಾರುವ ಮೊದಲೇ.

ಇಲ್ಲಿ ಉದಾಹರಣೆಗೆ ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ತೆಗೆದುಕೊಳ್ಳುತ್ತೇನೆ. ನಮ್ಮ ಕಡೆ ಜಾಸ್ತಿ ಜನ ಆಡುವುದು ಅದನ್ನೇ. ಪಬ್‌ಜಿ ಮೊಬೈಲ್ 2020ರ ಸೆಪ್ಟೆಂಬರ್‌ನಲ್ಲಿ ಬ್ಯಾನ್ ಆದ ಮೇಲೆ, 2021ರ ಜುಲೈನಲ್ಲಿ ಕ್ರಾಫ್ಟನ್ ಕಂಪನಿ ಭಾರತಕ್ಕೆಂದೇ ಬಿಟ್ಟ ಆಟ ಇದು. ನಡುವೆ 2022ರ ಜುಲೈನಲ್ಲಿ ಆಪ್ ಸ್ಟೋರ್‌ಗಳಿಂದ ಮಾಯವಾಗಿ 2023ರ ಮೇನಲ್ಲಿ ವಾಪಸ್ ಬಂತು. ಒಂದು ಮ್ಯಾಚ್‌ಗೆ 100 ಜನ, ನಾಲ್ವರಂತೆ 25 ಸ್ಕ್ವಾಡ್. ವಿಮಾನದಿಂದ ಹಾರಿ, ಬರಿಗೈಯಲ್ಲಿ ಇಳಿದು, ಗನ್ ಹುಡುಕಿಕೊಂಡು, ಕುಗ್ಗುತ್ತಾ ಹೋಗುವ ವೃತ್ತದೊಳಗೆ ಕೊನೆಯವರೆಗೆ ಉಳಿಯಬೇಕು.

ನಾಲ್ಕು ಗನ್, ಮೂರು ಗನ್

ತಂಡದ ಆಟ ಅರ್ಥವಾಗಬೇಕಾದರೆ ಮೊದಲು ಒಂದು ಲೆಕ್ಕ ನೋಡಬೇಕು. ಗಣಿತ ಅಂದರೆ ಓಡಿಹೋಗಬೇಡಿ, ಕೂಡು, ಕಳೆ, ಗುಣಿಸು ಅಷ್ಟೇ.

ಫ್ರೆಡರಿಕ್ ಲ್ಯಾಂಚೆಸ್ಟರ್ ಅಂತ ಒಬ್ಬ ಇಂಗ್ಲಿಷ್ ಎಂಜಿನಿಯರ್ ಇದ್ದ. ಕಾರು ತಯಾರಿಸುತ್ತಿದ್ದವನು. ಮೊದಲ ಮಹಾಯುದ್ಧದ ಹೊತ್ತಿನಲ್ಲಿ ಅವನಿಗೆ ಒಂದು ಪ್ರಶ್ನೆ ಹುಟ್ಟಿತು: ಎರಡೂ ಕಡೆಯವರು ದೂರದಿಂದ ಗುಂಡು ಹಾರಿಸುವ ಯುದ್ಧದಲ್ಲಿ ಸಂಖ್ಯೆಗೆ ಎಷ್ಟು ಬೆಲೆ? ಅವನು ಕಂಡುಕೊಂಡ ಉತ್ತರ ಏನೆಂದರೆ, ಒಂದು ಪಡೆಯ ಬಲ ಅದರ ಸಂಖ್ಯೆಯಷ್ಟಲ್ಲ, ಸಂಖ್ಯೆಯ ವರ್ಗದಷ್ಟು.

ನಾವು ನಾಲ್ವರು ಮೂವರ ಎದುರು ನಿಂತೆವು ಅನ್ನಿ. ಏಮ್ ಎಲ್ಲರದ್ದೂ ಒಂದೇ. ನಾಲ್ಕು ಗನ್ ಮೂವರ ಮೇಲೆ ಹಂಚಿಕೆಯಾಗುತ್ತದೆ, ಮೂರು ಗನ್ ನಾಲ್ವರ ಮೇಲೆ ಹಂಚಿಕೆಯಾಗುತ್ತದೆ. ಅಂದರೆ ಅವರ ಕಡೆ ಒಬ್ಬೊಬ್ಬನಿಗೆ ಬೀಳುವ ಗುಂಡೂ ಜಾಸ್ತಿ, ನಮ್ಮ ಕಡೆ ಒಬ್ಬೊಬ್ಬನಿಗೆ ಬೀಳುವ ಗುಂಡೂ ಕಡಿಮೆ. ಲಾಭ ಎರಡು ಸಲ ಸಿಕ್ಕಿತು. ಹಾಗಾಗಿ ಬಲ 4ಕ್ಕೆ 3 ಅಲ್ಲ, 16ಕ್ಕೆ 9. ಹದಿನಾರರಲ್ಲಿ ಒಂಬತ್ತು ಕಳೆದರೆ ಏಳು. ಏಳರ ವರ್ಗಮೂಲ ಸುಮಾರು 2.6. ಮೂವರನ್ನೂ ಮುಗಿಸುವ ಹೊತ್ತಿಗೆ ನಮ್ಮ ಕಡೆ ಎರಡೂವರೆ ಜನಕ್ಕಿಂತ ಸ್ವಲ್ಪ ಜಾಸ್ತಿ ಉಳಿದಿರುತ್ತದೆ.

ಈಗ ಇನ್ನೂ ಮಜಾ ಇರುವ ಭಾಗ. ನಾಲ್ವರಿಗೆ ನಾಲ್ವರು ಒಟ್ಟಿಗೆ ಎದುರಾದರೆ 16ಕ್ಕೆ 16, ಯಾರು ಬೇಕಾದರೂ ಗೆಲ್ಲಬಹುದು. ಆದರೆ ಎದುರಿನ ನಾಲ್ವರು ಇಬ್ಬಿಬ್ಬರಾಗಿ ಸಿಕ್ಕರೆ? ಮೊದಲ ಇಬ್ಬರಿಗೆ 16ರಲ್ಲಿ 4 ಹೋಗಿ 12 ಉಳಿಯಿತು. ಮುಂದಿನ ಇಬ್ಬರಿಗೆ ಮತ್ತೆ 4 ಹೋಗಿ 8. ಎಂಟರ ವರ್ಗಮೂಲ 2.8. ಅದೇ ನಾಲ್ವರು ಶತ್ರುಗಳು, ಅದೇ ಏಮ್, ಆದರೂ ನಮ್ಮಲ್ಲಿ ಹತ್ತಿರ ಹತ್ತಿರ ಮೂವರು ಉಳಿದರು.

ಇದು ಬಯಲಿನಲ್ಲಿ ಎಲ್ಲರೂ ಎಲ್ಲರನ್ನೂ ಹೊಡೆಯಬಹುದಾದ ಜಾಗದ ಲೆಕ್ಕ. ಬಾಗಿಲ ಬಳಿ, ಮೆಟ್ಟಿಲ ಮೇಲೆ ಇದು ನಡೆಯುವುದಿಲ್ಲ. ಅಲ್ಲಿ ಒಂದು ಸಲಕ್ಕೆ ಒಬ್ಬನೇ ಎದುರಾಗುವುದರಿಂದ ಸಂಖ್ಯೆಯ ಲಾಭ ಕರಗಿಹೋಗುತ್ತದೆ. ಅದಕ್ಕೇ ಒಂಟಿಯಾಗಿ ಉಳಿದ ಆಟಗಾರ ಮನೆಯೊಳಗೆ ಸೇರಿಕೊಳ್ಳುವುದು, ಬುದ್ಧಿವಂತ ತಂಡ ಅವನ ಹಿಂದೆ ಮೆಟ್ಟಿಲು ಹತ್ತದೆ ಗ್ರೆನೇಡ್ ಎಸೆಯುವುದು.

ಲೂಟ್ ಮಾಡುತ್ತಾ, ಅಂದರೆ ಮನೆಗಳಲ್ಲಿ ಸಾಮಾನು ಹುಡುಕುತ್ತಾ, ಹಿಂದೆ ಉಳಿದವನ ಕಥೆ ಈಗ ಗೊತ್ತಾಯಿತಲ್ಲ? ಅವನು ಬರುವುದು ಹತ್ತು ಸೆಕೆಂಡ್ ತಡವಾದರೆ, ಆ ಹತ್ತು ಸೆಕೆಂಡ್ ನಿಮ್ಮ ತಂಡ 16 ಅಲ್ಲ, 9. ಅವನು ಬಂದಾಗ ಮಿಕ್ಕವರು ಬಿದ್ದಿರುತ್ತಾರೆ, ಅವನೊಬ್ಬನೇ 1. ನಾಲ್ಕು ಗನ್‌ಗಳು ಒಂದೇ ಹೊತ್ತಿಗೆ, ಒಂದೇ ಕಡೆ ಇರುವಂತೆ ಮಾಡುವುದು ಲೀಡರ್‌ನ ಕೆಲಸದ ಮುಕ್ಕಾಲು ಪಾಲು. ಅವನ ಸ್ವಂತ ಕಿಲ್ ಎಷ್ಟು ಅನ್ನುವುದು ಉಳಿದ ಕಾಲು ಪಾಲಿನಲ್ಲೂ ಒಂದು ಮೂಲೆ.

ರಿವೈವ್ ವಿಷಯಕ್ಕೂ ಇದೇ ಲೆಕ್ಕ. ಒಬ್ಬ ನಾಕ್ ಆದರೆ ಹೋಗುವುದು ಒಂದು ಗನ್ ಅನಿಸುತ್ತದೆ. ಅವನನ್ನು ಎಬ್ಬಿಸಲು ಇನ್ನೊಬ್ಬ ಕೂತರೆ ಸುಮಾರು 10 ಸೆಕೆಂಡ್ ಅವನ ಗನ್ನೂ ಇಲ್ಲ. ಉಳಿದದ್ದು ಎರಡು. 16 ಇದ್ದದ್ದು 4ಕ್ಕೆ ಇಳಿಯಿತು. ಎದ್ದವನ ಹೆಲ್ತ್ ಕೂಡ ತಳದಲ್ಲೇ ಇರುತ್ತದೆ, ಫಸ್ಟ್ ಏಡ್ ಹಾಕಿಕೊಳ್ಳಲು ಇನ್ನೂ 6 ಸೆಕೆಂಡ್ ಬೇಕು, ಅದು ಹೆಲ್ತನ್ನು 75ರ ತನಕ ಮಾತ್ರ ಏರಿಸುತ್ತದೆ. ಆದ್ದರಿಂದ ಗೆಳೆಯ ಬಿದ್ದ ತಕ್ಷಣ ಓಡಿ ಹೋಗುವುದು ಒಳ್ಳೆ ಮನಸ್ಸು, ಕೆಟ್ಟ ಲೆಕ್ಕ. ಮೊದಲು ಸ್ಮೋಕ್ (ಮರೆ ಮಾಡುವ ಹೊಗೆ ಬಾಂಬ್), ಇಲ್ಲವೇ ಮೊದಲು ಅವರ ಕಡೆಯೂ ಒಬ್ಬನನ್ನು ಬೀಳಿಸಬೇಕು. ಆಮೇಲೆ ರಿವೈವ್.

ಇದನ್ನೇ ತಿರುಗಿಸಿ ನೋಡಿ. ನೀವು ಅವರಲ್ಲಿ ಒಬ್ಬನನ್ನು ನಾಕ್ ಮಾಡಿದ ಆ ಗಳಿಗೆಯಲ್ಲಿ ಅವರ ಕಡೆ ಇನ್ನೊಬ್ಬ ರಿವೈವ್‌ಗೆ ಕೂರುವ ಸಾಧ್ಯತೆ ತುಂಬ ಇದೆ. ಆಗ ನಾಲ್ವರು ಇಬ್ಬರ ಎದುರು. ರಶ್ ಮಾಡಲು, ಅಂದರೆ ಒಟ್ಟಿಗೆ ನುಗ್ಗಲು, ಇದಕ್ಕಿಂತ ಒಳ್ಳೆ ಹೊತ್ತಿಲ್ಲ. "ಒಬ್ಬ ನಾಕ್!" ಅಂದ ಕೂಡಲೇ ಲೀಡರ್ "ನಡೀರಿ" ಅನ್ನಬೇಕೋ ಬೇಡವೋ ಅನ್ನುವುದು ಧೈರ್ಯದ ಪ್ರಶ್ನೆ ಅಲ್ಲ. ಇನ್ನೂ ಮೂವರು ನನ್ನ ಪಕ್ಕದಲ್ಲಿದ್ದಾರಾ, ಅವರ ಹೆಲ್ತ್ ಸರಿ ಇದೆಯಾ, ನಡುವೆ ಬಯಲು ಎಷ್ಟಿದೆ, ಈ ಮೂರೇ ಪ್ರಶ್ನೆ. ಉತ್ತರ ಮೊದಲೇ ಗೊತ್ತಿದ್ದವನು ಒಂದು ಸೆಕೆಂಡಿನಲ್ಲಿ ಹೇಳುತ್ತಾನೆ. ಆಗ ಕೇಳಲು ಶುರು ಮಾಡಿದವನಿಗೆ ಆ 10 ಸೆಕೆಂಡ್ ಮುಗಿದೇ ಹೋಗುತ್ತದೆ.

ಯುದ್ಧಕ್ಕೆ ಮೊದಲಿನ ಕೆಲಸ

ನೋಡುವವರಿಗೆ ಕಾಣುವುದು ಫೈಟ್. ಲೀಡರ್‌ನ ಕೆಲಸ ನಡೆಯುವುದು ಜಾಸ್ತಿ ಅದರ ಹೊರಗೆ, ಯಾರೂ ಗುಂಡು ಹಾರಿಸದೆ ಬೋರ್ ಹೊಡೆಯುತ್ತಿರುವ ಹೊತ್ತಿನಲ್ಲಿ.

ಎರಾಂಗಲ್ ಮ್ಯಾಪ್ ಉದ್ದ ಅಗಲ 8 ಕಿಲೋಮೀಟರ್. ಸಾನ್‌ಹಾಕ್ ಅದರ ಅರ್ಧ, 4 ಕಿಲೋಮೀಟರ್. ಉದ್ದ ಅಗಲ ಅರ್ಧ ಅಂದರೆ ಜಾಗ ಕಾಲು ಭಾಗ. ಅಲ್ಲಿ ಫೈಟ್ ಬೇಗ ಬೇಗ ಬರುತ್ತದೆ, ಲೀಡರ್‌ಗೆ ಯೋಚಿಸಲು ಪುರುಸೊತ್ತು ಇರುವುದಿಲ್ಲ. ಹೊಸದಾಗಿ ಲೀಡರ್ ಆಗುವವರು ಎರಾಂಗಲ್‌ನಲ್ಲಿ ಕಲಿಯುವುದೇ ಒಳ್ಳೆಯದು.

ಎಲ್ಲಿ ಇಳಿಯುವುದು ಅನ್ನುವುದು ಮೊದಲ ನಿರ್ಧಾರ. ಎರಾಂಗಲ್‌ನ ಪೋಚಿಂಕಿ ಊರು ಅಂದರೆ ಎಲ್ಲರಿಗೂ ಹುಚ್ಚು. ಮ್ಯಾಪ್‌ನ ನಡುವೆ ಇದೆ, ಮನೆಗಳು ಜಾಸ್ತಿ, ಜನವೂ ಜಾಸ್ತಿ. ಅಲ್ಲಿ ಇಳಿಯಬಾರದು ಅಂತಲ್ಲ. ಇಳಿಯುವುದಾದರೆ ಯಾರು ಯಾವ ಮನೆ ಅಂತ ವಿಮಾನದಲ್ಲಿದ್ದಾಗಲೇ ಹೇಳಿರಬೇಕು. ಇಲ್ಲದಿದ್ದರೆ ನಾಲ್ವರೂ ಒಂದೇ ಮನೆಗೆ ನುಗ್ಗಿ, ಒಂದು ಗನ್‌ಗೆ ನಾಲ್ಕು ಕೈ ಹಾಕುತ್ತಾರೆ. ಮಿಲಿಟರಿ ಬೇಸ್‌ನಲ್ಲಿ ಲೂಟ್ ಚೆನ್ನಾಗಿದೆ, ಆದರೆ ಅದು ದ್ವೀಪ. ದೊಡ್ಡ ಭೂಭಾಗಕ್ಕೆ ಎರಡೇ ಸೇತುವೆ. ವೃತ್ತ ಉತ್ತರಕ್ಕೆ ಬಿದ್ದರೆ ಆ ಎರಡು ಸೇತುವೆಯ ತುದಿಯಲ್ಲೂ ಯಾರೋ ಮಲಗಿ ಕಾಯುತ್ತಿರುತ್ತಾರೆ. ಅಲ್ಲಿ ಇಳಿಯುವ ಲೀಡರ್‌ಗೆ ಇಳಿಯುವ ಮೊದಲೇ ಹೊರಬರುವ ದಾರಿ ಗೊತ್ತಿರಬೇಕು: ದೋಣಿಯಾ, ಈಜಾ, ಎಲ್ಲರಿಗಿಂತ ಮೊದಲೇ ಸೇತುವೆ ದಾಟುವುದಾ?

ಮುಂದಿನದು ಝೋನ್, ಅಂದರೆ ಆ ಕುಗ್ಗುವ ವೃತ್ತದ ವಿಷಯ. ಬಿಳಿ ವೃತ್ತ ಕಾಣಿಸಿದ ಕೂಡಲೇ ಮೂವರು ಲೂಟ್ ಮಾಡುತ್ತಿರಲಿ, ಲೀಡರ್ ಮ್ಯಾಪ್ ತೆಗೆಯಬೇಕು. ಹೊಸ ವೃತ್ತ ಯಾವಾಗಲೂ ಈಗಿನ ವೃತ್ತದ ಒಳಗೇ ಬರುತ್ತದೆ. ಒಂದು ಹಂತ ಕಳೆದ ಹಾಗೆ ಹೊರಗೆ ನಿಂತವರಿಗೆ ಬೀಳುವ ಪೆಟ್ಟು ಜಾಸ್ತಿಯಾಗುತ್ತಾ ಹೋಗುತ್ತದೆ. ಇಲ್ಲಿ ಲೀಡರ್‌ಗಳಲ್ಲಿ ಎರಡು ಪಂಥ ಇದೆ. ಒಬ್ಬರು ಬೇಗ ಹೋಗಿ ವೃತ್ತದ ನಡುವಿನ ಒಳ್ಳೆ ಮನೆ ಹಿಡಿಯುವವರು. ಇನ್ನೊಬ್ಬರು ಅಂಚಿನಲ್ಲೇ ಸುತ್ತುತ್ತಾ ಬರುವವರು. ನಡುವೆ ಕೂತರೆ ಮುಂದಿನ ವೃತ್ತ ಎಲ್ಲಿ ಬಿದ್ದರೂ ದೂರ ಕಡಿಮೆ, ಆದರೆ ಸುತ್ತಲೂ ಶತ್ರು. ಅಂಚಿನಲ್ಲಿದ್ದರೆ ಬೆನ್ನಿಗೆ ಝೋನ್ ಕಾವಲು, ಮುಂದೆ ಮಾತ್ರ ನೋಡಿದರೆ ಸಾಕು, ಆದರೆ ವೃತ್ತ ಆ ಕಡೆಗೆ ಸರಿದರೆ ಬಯಲಲ್ಲಿ ಓಡಬೇಕು. ನನ್ನ ಮಟ್ಟಿಗೆ, ತಂಡದಲ್ಲಿ ದೂರದಿಂದ ಹೊಡೆಯುವವರು ಚೆನ್ನಾಗಿದ್ದರೆ ನಡುವೆ, ಹತ್ತಿರದ ಫೈಟ್ ಚೆನ್ನಾಗಿ ಆಡುವವರಿದ್ದರೆ ಅಂಚು. ಎರಡನ್ನೂ ಅರ್ಧರ್ಧ ಮಾಡುವ ತಂಡ ಎಲ್ಲಿಯೂ ಸಲ್ಲುವುದಿಲ್ಲ.

ಗುಡ್ಡದ ವಿಷಯ ಮಲೆನಾಡಿನವರಿಗೆ ಹೇಳಿಕೊಡಬೇಕಿಲ್ಲ ಅನಿಸಬಹುದು. ಆದರೂ ನಮ್ಮ ಹುಡುಗರೇ ಗುಡ್ಡದ ನೆತ್ತಿ ಮೇಲೆ ಎದ್ದು ನಿಲ್ಲುತ್ತಾರೆ, ಆಕಾಶದ ಎದುರು ಎಲ್ಲರಿಗೂ ಕಾಣುವ ಹಾಗೆ. ನೆತ್ತಿಗಿಂತ ಸ್ವಲ್ಪ ಕೆಳಗೆ, ತಲೆಯಷ್ಟೇ ಕಾಣುವಂತೆ ನಿಲ್ಲಬೇಕು. ಒಂದು ಹೆಜ್ಜೆ ಹಿಂದೆ ಇಟ್ಟರೆ ಗುಡ್ಡವೇ ಕವರ್.

ಇನ್ನೊಂದು ಸಣ್ಣ ವಿಷಯ, ಆದರೆ ನೋಡನೋಡುತ್ತ ಫಲ ಕೊಡುವಂಥದ್ದು: ಲೀಡರ್ ಗಾಡಿ ಓಡಿಸಬಾರದು. ಓಡಿಸುವವನ ಕಣ್ಣು ರಸ್ತೆ ಮೇಲಿರುತ್ತದೆ. ಲೀಡರ್‌ನ ಕಣ್ಣು ಮ್ಯಾಪ್ ಮೇಲೆ, ಕಿಟಕಿಯ ಹೊರಗೆ ಇರಬೇಕು. ಮನೆಗೆ ನುಗ್ಗುವಾಗಲೂ ಮೊದಲು ಹೋಗುವವನು ಅವನಾಗಬಾರದು. ಮೊದಲು ಹೋದವನೇ ಮೊದಲು ಬೀಳುವುದು ಜಾಸ್ತಿ. ಲೀಡರ್ ಬಿದ್ದರೆ ಗನ್ ಜೊತೆಗೆ ಪ್ಲಾನ್ ಕೂಡ ಬೀಳುತ್ತದೆ. ಎರಡನೆಯವನಾಗಿಯೋ ಮೂರನೆಯವನಾಗಿಯೋ ಹೋಗುವುದು ಹೇಡಿತನ ಅಲ್ಲ.

ಟೂರ್ನಮೆಂಟ್ ಆಡುವವರಾದರೆ ಅಂಕದ ಪಟ್ಟಿಯನ್ನು ಮೊದಲು ಓದಿ. ಈಚಿನ ದೊಡ್ಡ ಟೂರ್ನಿಗಳಲ್ಲಿ ಮ್ಯಾಚ್ ಗೆದ್ದ ತಂಡಕ್ಕೆ 10 ಅಂಕ, ಎರಡನೆಯದಕ್ಕೆ 6, ಪ್ರತಿ ಕಿಲ್‌ಗೆ 1. ಒಂದು ಮ್ಯಾಚ್‌ನಲ್ಲಿ ಇರುವುದೂ 25 ತಂಡವಲ್ಲ, 16. ಕಾಲೇಜು ಫೆಸ್ಟ್‌ಗಳಲ್ಲಿ ಅವರವರದೇ ಪಟ್ಟಿ ಇರುತ್ತದೆ. ಕಿಲ್‌ಗೆ ಬೆಲೆ ಜಾಸ್ತಿ ಇರುವ ಕಡೆ ಅಡಗಿ ಕೂತು ನಾಲ್ಕನೇ ಸ್ಥಾನ ತಂದ ಲೀಡರ್ ತಂಡವನ್ನು ಸೋಲಿಸಿದ ಹಾಗೇ.

ಮಾತು

ಈಗ ಮತ್ತೆ ಹಾಸ್ಟೆಲ್‌ನ "ಅಲ್ಲೇ ಮಾರಾಯ"ಕ್ಕೆ ಬರೋಣ. ಒಬ್ಬನ ಕಣ್ಣಿಗೆ ಕಂಡದ್ದು ಮೂವರ ಕಣ್ಣಿಗೆ ಕಾಣುವಂತೆ ಮಾಡುವುದು ಹೇಗೆ?

ಅಡಿಕೆ ಕೊನೆ ಇಳಿಸುವುದನ್ನು ನೋಡಿದವರಿಗೆ ಇದರ ಅಂದಾಜಿದೆ. ಮರದ ತುದಿಯಲ್ಲಿರುವ ಕೊನೆಗಾರನಿಗೆ ಕಾಣುವುದು ಕೆಳಗೆ ಹಗ್ಗ ಹಿಡಿದವನಿಗೆ ಕಾಣುವುದಿಲ್ಲ. ಹಾಗಂತ ಮೇಲಿನವನು ಅಲ್ಲಿಂದ ಕಥೆ ಹೇಳುತ್ತಾ ಕೂರುವುದಿಲ್ಲ. ಒಂದು ಕೂಗು, ಕೆಳಗಿನವನಿಂದ ಒಂದು ಓಗೊಡುವಿಕೆ, ಕೊನೆ ಇಳಿಯಿತು. ಏನು ಕೂಗಿದರೆ ಏನು ಮಾಡಬೇಕು ಅನ್ನುವುದು ಮರ ಹತ್ತುವ ಮೊದಲೇ ಇಬ್ಬರಿಗೂ ಗೊತ್ತು.

ಸ್ಕ್ವಾಡ್‌ನಲ್ಲೂ ಒಂದು ಕ್ರಮ ಕಟ್ಟಿಕೊಳ್ಳಿ. ದಿಕ್ಕು, ಗುರುತು, ಎಷ್ಟು ಜನ, ಯಾವ ಸ್ಥಿತಿ. "ಟೂ ಟೆನ್, ಕೆಂಪು ಮನೆ, ಇಬ್ಬರು, ಒಬ್ಬ ನಾಕ್." ಅಷ್ಟೇ. ಕ್ರಮ ಬದಲಾಗದಿದ್ದರೆ ಕೇಳುವವನು ಮೊದಲ ಶಬ್ದ ಕಿವಿಗೆ ಬಿದ್ದಾಗಲೇ ತಿರುಗುತ್ತಾನೆ. "ಅಯ್ಯೋ ನನಗೆ ಹೊಡೆದ, ಯಾರೋ ಇದಾರೆ, ಒಂದು ಮನೆ ಇದೆ ನೋಡು, ಅದರ ಪಕ್ಕ" ಅಂದರೆ ದಿಕ್ಕು ಗೊತ್ತಾಗುವ ಹೊತ್ತಿಗೆ ಹೇಳಿದವನೇ ಇರುವುದಿಲ್ಲ.

ಸ್ಕ್ರೀನ್ ಮೇಲಿನ ದಿಕ್ಸೂಚಿಯಲ್ಲಿ ಉತ್ತರ 0, ಪೂರ್ವ 90, ದಕ್ಷಿಣ 180, ಪಶ್ಚಿಮ 270 ಡಿಗ್ರಿ. ತುಂಬ ಜನ ಎಡವುವುದು ಇಲ್ಲೇ. ಡಿಗ್ರಿ ಹೇಳಿದವನು ನಿಂತ ಜಾಗದಿಂದ ಮಾತ್ರ ಅದು ಸರಿ. ನೀವಿರುವ ಜಾಗದಿಂದ ನೇರ ಉತ್ತರಕ್ಕೆ 100 ಮೀಟರ್‌ನಲ್ಲಿ ಶತ್ರು ಇದ್ದಾನೆ ಅನ್ನಿ. ನಿಮಗೆ ಅದು 0 ಡಿಗ್ರಿ. ನಿಮ್ಮ ಗೆಳೆಯ ನಿಮ್ಮಿಂದ ಪೂರ್ವಕ್ಕೆ 100 ಮೀಟರ್ ದೂರದಲ್ಲಿದ್ದರೆ ಅವನಿಗೆ ಅದೇ ಶತ್ರು 315 ಡಿಗ್ರಿಯಲ್ಲಿ. 45 ಡಿಗ್ರಿ ವ್ಯತ್ಯಾಸ! ಅವನು 0 ಕಡೆ ನೋಡಿ "ಯಾರೂ ಇಲ್ಲ ಕಣೋ" ಅನ್ನುತ್ತಾನೆ, ಅವನು ಹೇಳಿದ್ದು ಸುಳ್ಳೂ ಅಲ್ಲ. ಆದ್ದರಿಂದ ಹತ್ತಿರ ಹತ್ತಿರ ಇದ್ದಾಗ ಡಿಗ್ರಿ, ಚದುರಿದ್ದಾಗ ಮನೆ, ಮರ, ಬಂಡೆ, ಇಲ್ಲವೇ ಮ್ಯಾಪ್ ಮೇಲೆ ಮಾರ್ಕ್. ಎಡ, ಬಲ ಅನ್ನುವುದನ್ನಂತೂ ಬಿಟ್ಟೇಬಿಡಿ. ಯಾರ ಎಡ?

ಮಾತು ಕಡಿಮೆ ಇರಬೇಕಾದ್ದಕ್ಕೆ ಇನ್ನೊಂದು ಕಾರಣ, ಈ ಆಟದಲ್ಲಿ ಕಿವಿಯೂ ಆಯುಧ. ಹೆಜ್ಜೆ ಸಪ್ಪಳ, ಗಾಡಿ ಸದ್ದು, ಗನ್ ಯಾವ ಕಡೆಯಿಂದ ಅನ್ನುವುದು ಎಲ್ಲವೂ ಹೆಡ್‌ಫೋನ್‌ನಲ್ಲೇ ಬರುವುದು. ಆಷಾಢದಲ್ಲಿ ತೀರ್ಥಹಳ್ಳಿ ಕಡೆಯ ಗೆಳೆಯನೊಬ್ಬ ಮೈಕ್ ಆನ್ ಇಟ್ಟು ಆಡಿದರೆ ಶೀಟಿನ ಮೇಲೆ ಬೀಳುವ ಮಳೆಯೆಲ್ಲ ಉಳಿದ ಮೂವರ ಕಿವಿಗೆ ಸುರಿಯುತ್ತದೆ. ಹಿಂದೆ ಕುಕ್ಕರ್ ಕೂಗು ಬೇರೆ. ಅಂಥವನು ಹೇಳುವುದಿದ್ದಾಗ ಮಾತ್ರ ಮೈಕ್ ಒತ್ತಬೇಕು. ಇದನ್ನು ಹೇಳಿ ಮಾಡಿಸುವುದೂ ಲೀಡರ್ ಕೆಲಸವೇ.

ಇನ್ನು ಸತ್ತವರ ಕಾಮೆಂಟರಿ. ಔಟಾದವನು ಸುಮ್ನೆ ಕೂರುವುದು ನಮ್ಮಲ್ಲಿ ಅಪರೂಪ. ಉಳಿದವನ ಆಟ ನೋಡುತ್ತಾ "ಹೊಡಿ, ಹೊಡಿ, ಅಯ್ಯೋ ಅಲ್ಲಲ್ಲ" ಅಂತ ಶುರು ಮಾಡುತ್ತಾನೆ. ತನ್ನನ್ನು ಹೊಡೆದವನು ಎಲ್ಲಿದ್ದ, ಅವನಿಗೆ ಎಷ್ಟು ಪೆಟ್ಟು ಬಿದ್ದಿದೆ, ಇಷ್ಟು ಹೇಳಿ ಮೈಕ್ ಮುಚ್ಚುವುದು ಒಳ್ಳೆಯದು. ಈ ನಿಯಮವನ್ನು ಮ್ಯಾಚ್‌ಗೆ ಮೊದಲೇ ಮಾಡಿಕೊಳ್ಳಿ, ಔಟಾದ ಮೇಲೆ ಹೇಳಿದರೆ ಬೇಜಾರು.

ಅಣ್ಣನಿಗೆ ಹೇಳುವುದು ಹೇಗೆ?

ನಮ್ಮ ಕಡೆ ಒಂದು ಬೇರೆಯದೇ ತೊಡಕಿದೆ. ಸ್ಕ್ವಾಡ್‌ನಲ್ಲಿ ಇರುವವರು ಬರೀ ಓರಗೆಯವರಲ್ಲ. ಸೀನಿಯರ್ ಇರುತ್ತಾರೆ, ದೊಡ್ಡಪ್ಪನ ಮಗ ಇರುತ್ತಾನೆ. ಮ್ಯಾಪ್ ಚೆನ್ನಾಗಿ ಓದುವವನು ಎಲ್ಲರಿಗಿಂತ ಚಿಕ್ಕವನಾಗಿದ್ದರೆ ಏನಾಗುತ್ತದೆ? "ಅಣ್ಣಾ, ನೀವು ಸ್ವಲ್ಪ ಆ ಕಡೆ ಹೋದ್ರೆ ಒಳ್ಳೇದಿತ್ತೇನೋ, ನೋಡಿ" ಅನ್ನುತ್ತಾನೆ. ಅಣ್ಣನಿಗೆ ಅದು ಆಜ್ಞೆ ಅಂತ ಅರ್ಥವೇ ಆಗುವುದಿಲ್ಲ.

ಇದು ಬರೀ ಆಟದ ತೊಂದರೆ ಅಂದುಕೊಳ್ಳಬೇಡಿ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರೀಫ್ ದ್ವೀಪದ ರನ್‌ವೇಯಲ್ಲಿ, ಮಂಜಿನಲ್ಲಿ, ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಟೇಕಾಫ್‌ಗೆ ಅನುಮತಿ ಸಿಗದೆಯೇ ಹೊರಟದ್ದು ಕೆಎಲ್‌ಎಂ ವಿಮಾನ. ಅದರ ಕ್ಯಾಪ್ಟನ್ ಬಹಳ ಹಿರಿಯ. ಎದುರಿನ ವಿಮಾನ ಇನ್ನೂ ರನ್‌ವೇ ಬಿಟ್ಟಿಲ್ಲವೇನೋ ಅಂತ ಫ್ಲೈಟ್ ಎಂಜಿನಿಯರ್ ಅನುಮಾನ ಎತ್ತಿದ್ದ. ಆದರೆ ಪ್ರಶ್ನೆಯ ರೂಪದಲ್ಲಿ. ಕ್ಯಾಪ್ಟನ್ ಅದನ್ನು ತಳ್ಳಿಹಾಕಿದ. ಇಂಥ ಅಪಘಾತಗಳ ನಂತರ 1979ರಲ್ಲಿ ನಾಸಾ ಒಂದು ಕಾರ್ಯಾಗಾರ ನಡೆಸಿತು. ಅಲ್ಲಿಂದ ಬೆಳೆದ ತರಬೇತಿಯನ್ನು ಈಗ ಪೈಲಟ್‌ಗಳೆಲ್ಲ ಕಲಿಯುತ್ತಾರೆ. ಕಿರಿಯನು ಅನುಮಾನವನ್ನು ಸ್ಪಷ್ಟವಾಗಿ ಹೇಳಬೇಕು, ಹಿರಿಯನು ಕೇಳಿಸಿಕೊಳ್ಳಬೇಕು, ಹೇಳಿದ್ದನ್ನು ಕೇಳಿದವನು ತಿರುಗಿ ಹೇಳಿ ಖಚಿತಪಡಿಸಬೇಕು ಅನ್ನುವುದು ಅದರ ತಿರುಳು.

ಸ್ಕ್ವಾಡ್‌ಗೆ ಇದನ್ನು ಇಳಿಸುವುದು ಸುಲಭ. ಮರ್ಯಾದೆ ಬಿಡಬೇಕಿಲ್ಲ, ಬಳಸು ಮಾತು ಬಿಟ್ಟರೆ ಸಾಕು. "ಅಣ್ಣಾ, ಸ್ಮೋಕ್ ಹಾಕಿ, ಮರದ ಹತ್ರ." ಅಣ್ಣನೂ "ಸ್ಮೋಕ್, ಮರ" ಅಂತ ತಿರುಗಿ ಹೇಳಬೇಕು. ಕೇಳಿತು ಅಂತ ಗೊತ್ತಾಗುತ್ತದೆ, ತಪ್ಪು ಕೇಳಿದ್ದರೆ ಅಲ್ಲೇ ಸರಿಯಾಗುತ್ತದೆ. ಲಾಬಿಯಲ್ಲಿ ಕೂತಾಗ ಹಿರಿಯನೇ "ಮ್ಯಾಚ್‌ನಲ್ಲಿ ಇವನು ಹೇಳಿದ್ದೇ ಫೈನಲ್" ಅಂದುಬಿಟ್ಟರೆ ಅರ್ಧ ಕೆಲಸ ಮುಗಿಯಿತು. ಆ ಮಾತು ಚಿಕ್ಕವನ ಬಾಯಿಂದ ಬರಲಾರದು.

ಲೀಡರ್‌ಗೆ ಎದುರು ಹೇಳಲೂ ಒಂದು ಹೊತ್ತಿರಬೇಕು. ಗುಂಡು ಹಾರದಿರುವಾಗ ಯಾರು ಬೇಕಾದರೂ ಪ್ರಶ್ನೆ ಕೇಳಲಿ. ಫೈಟ್ ಶುರುವಾದ ಮೇಲೆ ಹೇಳಿದ್ದನ್ನು ಮಾಡಬೇಕು, ಅದು ಅಷ್ಟೇನೂ ಒಳ್ಳೆ ನಿರ್ಧಾರ ಅಲ್ಲ ಅನಿಸಿದರೂ. ನಾಲ್ವರೂ ಸೇರಿ ಮಾಡಿದ ಸಾಧಾರಣ ಕೆಲಸ, ಇಬ್ಬರು ಮಾತ್ರ ಮಾಡಿದ ಜಾಣ ಕೆಲಸಕ್ಕಿಂತ ಗಟ್ಟಿ. ಯಾಕೆ ಅಂತ ಲ್ಯಾಂಚೆಸ್ಟರ್ ಲೆಕ್ಕ ಹೇಳಿದೆ: 16 ಮತ್ತು 4.

ವ್ಯಾಲೊರಂಟ್ ತರಹದ ಐವರ ಆಟದಲ್ಲಿ ಇದಕ್ಕೆ ಹೊತ್ತು ತಾನಾಗಿಯೇ ಸಿಗುತ್ತದೆ. ಪ್ರತಿ ರೌಂಡ್‌ಗೆ ಮೊದಲು ಗನ್ ಕೊಳ್ಳಲು ಕೊಡುವ ಅರ್ಧ ನಿಮಿಷದಲ್ಲಿ ಪ್ಲಾನ್ ಹೇಳಬಹುದು, ಸೋತರೆ ಮುಂದಿನ ರೌಂಡ್‌ನಲ್ಲಿ ಬದಲಿಸಬಹುದು. ಬಿಜಿಎಂಐನಲ್ಲಿ ಆ ಅನುಕೂಲ ಇಲ್ಲ. ಇಲ್ಲಿ ಲೀಡರ್ ಲೂಟ್ ಮಾಡುವಾಗ, ಗಾಡಿಯಲ್ಲಿ ಹೋಗುವಾಗ ಆ ಹೊತ್ತನ್ನು ತಾನೇ ಹುಡುಕಿಕೊಳ್ಳಬೇಕು.

ನೆಟ್ ಹೋದರೆ?

ಬೆಂಗಳೂರಿನವರು ಬರೆದ ಸಲಹೆಗಳಲ್ಲಿ ಈ ಭಾಗ ಇರುವುದಿಲ್ಲ. ಹೊಸನಗರ, ಆಗುಂಬೆ ಕಡೆ ಆಡುವವರಿಗೆ ಮಾತ್ರ ಇದು ದಿನನಿತ್ಯದ ಮಾತು. ಗಾಳಿ ಮಳೆಗೆ ಕರೆಂಟು ಹೋಯಿತು, ಅದರ ಜೊತೆಗೆ ರೌಟರ್ ಹೋಯಿತು, ಮೊಬೈಲ್ ಡೇಟಾ ಹುಡುಕಲು ಅಂಗಳದ ಮೂಲೆಗೆ ಓಡಬೇಕು. ಅಷ್ಟು ಹೊತ್ತು ನಿಮ್ಮ ಆಟಗಾರ ಮ್ಯಾಚ್‌ನಲ್ಲಿ ಕಂಬದ ಹಾಗೆ ನಿಂತಿರುತ್ತಾನೆ. ವಾಪಸ್ ಸೇರಿಕೊಳ್ಳಬಹುದು, ಅಷ್ಟರೊಳಗೆ ಯಾರೂ ಹೊಡೆಯದಿದ್ದರೆ.

ಹಾಗಾಗಿ ಮಲೆನಾಡಿನ ಸ್ಕ್ವಾಡ್‌ಗೆ ಎರಡನೇ ಲೀಡರ್ ಬೇಕೇ ಬೇಕು. ಮೊದಲನೆಯವನ ದನಿ ನಿಂತ ತಕ್ಷಣ, ಯಾರೂ ಕೇಳದೆಯೇ, ಅವನು ಮಾತು ಶುರು ಮಾಡಬೇಕು. ಅದಕ್ಕೆ ಅವನಿಗೆ ಪ್ಲಾನ್ ಗೊತ್ತಿರಬೇಕು ತಾನೇ? ಲೀಡರ್ ತನ್ನ ತಲೆಯಲ್ಲಿರುವುದನ್ನು ಆಗಾಗ ಬಾಯಿ ಬಿಟ್ಟು ಹೇಳುತ್ತಿರಬೇಕು: "ಈಗ ಈ ಗುಡ್ಡ, ಝೋನ್ ಆಚೆ ಬಿದ್ರೆ ರಸ್ತೆ ದಾಟಿ ಎರಡು ಮಹಡಿ ಮನೆ."

ಪಿಂಗ್ ವಿಷಯವೂ ಹೀಗೇ. ಪಿಂಗ್ 200 ಅಂದರೆ ನಿಮ್ಮ ಫೋನ್‌ನಿಂದ ಸರ್ವರ್‌ಗೆ ಹೋಗಿ ಬರಲು ಸೆಕೆಂಡಿನ ಐದನೇ ಒಂದು ಭಾಗ. ಮನುಷ್ಯ ಕಣ್ಣಿಗೆ ಕಂಡದ್ದಕ್ಕೆ ಬೆರಳು ಒತ್ತಲು ಹೆಚ್ಚು ಕಡಿಮೆ ಅಷ್ಟೇ ಹೊತ್ತು ಬೇಕು. ಅಂದರೆ ಮೂಲೆಯಿಂದ ಇಣುಕಿದ ಶತ್ರುವಿಗೆ ನೀವು ಎರಡು ಪಟ್ಟು ತಡವಾಗಿ ಉತ್ತರ ಕೊಡುತ್ತೀರಿ. ಅಷ್ಟು ಪಿಂಗ್ ಇರುವವನನ್ನು ಮನೆಗೆ ಮೊದಲು ನುಗ್ಗಿಸುವುದು ಅನ್ಯಾಯ, ಗಾಡಿ ಓಡಿಸಲು ಕೊಡುವುದು ಇನ್ನೂ ಅಪಾಯ. ಹಿಂದಿನ ದಿಕ್ಕು ಕಾಯುವುದು, ಸ್ಮೋಕ್ ಹಾಕುವುದು, ರಿವೈವ್ ಮಾಡುವುದು, ಈ ಕೆಲಸಗಳಿಗೆ ಅವನು ಸರಿ. ಮ್ಯಾಚ್‌ಗೆ ಮೊದಲು "ಪಿಂಗ್ ಎಷ್ಟು?" ಅಂತ ನಾಲ್ವರನ್ನೂ ಕೇಳಿ ಕೆಲಸ ಹಂಚುವ ಲೀಡರ್‌ಗಳು ಕಡಿಮೆ. ಕೇಳಲು ಬೇಕಾದ್ದು ಅರ್ಧ ನಿಮಿಷ.

ಹದಿನೆಂಟಾಗದವರು ತಂಡದಲ್ಲಿದ್ದರೆ ಅವರಿಗೆ ದಿನಕ್ಕೆ 3 ಗಂಟೆಯ ಮಿತಿ ಇದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಮಧ್ಯಾಹ್ನವೆಲ್ಲ ಸುಮ್ನೆ ಆಡಿ ಮುಗಿಸಿದರೆ ರಾತ್ರಿಯ ಟೂರ್ನಿ ಮ್ಯಾಚ್‌ಗೆ ಹುಡುಗ ಇರುವುದಿಲ್ಲ.

ಮ್ಯಾಚ್ ಮುಗಿದ ಮೇಲೆ

"ತಪ್ಪು ಯಾರದು" ಅನ್ನುವ ಪ್ರಶ್ನೆಗೆ ಉತ್ತರ ಸಿಕ್ಕರೂ ಮುಂದಿನ ಮ್ಯಾಚ್‌ಗೆ ಅದರಿಂದ ಏನೂ ಸಿಗುವುದಿಲ್ಲ. ಬೈಸಿಕೊಂಡವನು ಮುಂದಿನ ಸಲ ಬಾಯಿ ಬಿಡುವುದಿಲ್ಲ, ಅವನಿಗೆ ಕಂಡ ಶತ್ರು ತಂಡಕ್ಕೆ ಕಾಣುವುದಿಲ್ಲ. ಸ್ಕ್ರೀನ್ ರೆಕಾರ್ಡ್ ಇದ್ದರೆ ಬಿದ್ದ ಗಳಿಗೆಯನ್ನಲ್ಲ, ಅದಕ್ಕೆ ಒಂದು ನಿಮಿಷ ಮೊದಲಿನದನ್ನು ನೋಡಿ. ಸೋಲು ಶುರುವಾಗಿರುವುದು ಸಾಮಾನ್ಯವಾಗಿ ಅಲ್ಲೇ. ಆಗ ನಮಗೆ ಏನೇನು ಗೊತ್ತಿತ್ತು? ನಾಲ್ವರೂ ಎಲ್ಲಿದ್ದೆವು? ಗೊತ್ತಿದ್ದಷ್ಟಕ್ಕೆ ನಿರ್ಧಾರ ಸರಿಯಿದ್ದು, ವೃತ್ತ ಕೈಕೊಟ್ಟಿದ್ದರೆ ಅದನ್ನು ಬಿಟ್ಟುಬಿಡಿ, ಮುಂದಿನ ಸಲವೂ ಅದನ್ನೇ ಮಾಡಿ. ನಿರ್ಧಾರವೇ ಆಗಿರಲಿಲ್ಲ, ನಾಲ್ವರೂ ಕಾಯುತ್ತಾ ನಿಂತಿದ್ದೆವು ಅಂತ ಗೊತ್ತಾದರೆ ಅಲ್ಲಿ ಕೂತು ಮಾತಾಡಬೇಕು.

ಫೈಟ್ ಎಳೆದಾಡಿದ ಮ್ಯಾಚ್‌ಗಳನ್ನು ಬೇರೆಯಾಗಿ ನೋಡಿ. ಗನ್ ಸದ್ದು ಕೇಳಿ ಮೂರನೇ ತಂಡ ಬಂದೇ ಬರುತ್ತದೆ, ಇಬ್ಬರೂ ಸೊರಗಿದ ಮೇಲೆ ಬಂದು ಮುಗಿಸುತ್ತದೆ. ಒಂದು ನಿಮಿಷದಲ್ಲಿ ಒಬ್ಬನೂ ನಾಕ್ ಆಗದಿದ್ದರೆ ಜಾಗ ಬಿಡುವುದು ಅಂತ ನಿಯಮ ಮಾಡಿಕೊಂಡು ಕೆಲವು ದಿನ ಆಡಿ ನೋಡಿ.

ರ್‍ಯಾಂಕ್ ಮುಖ್ಯವಲ್ಲದ ದಿನಗಳಲ್ಲಿ ಲೀಡರ್ ಕೆಲಸವನ್ನು ಬೇರೆಯವರಿಗೆ ಕೊಡಿ. ಸದಾ ಹಿಂದೆ ಉಳಿಯುವವನಿಗೆ ಒಮ್ಮೆ ಮ್ಯಾಪ್ ಕೊಟ್ಟರೆ, ತಾನು ಲೂಟ್‌ಗೆ ಅಂತ ಹಿಂದೆ ಉಳಿದಾಗ ಉಳಿದವರಿಗೆ ಏನಾಗುತ್ತಿತ್ತು ಅಂತ ಅವನಿಗೆ ತಿಳಿಯುತ್ತದೆ. ಆ ಮ್ಯಾಚ್‌ಗಳಲ್ಲಿ ಹಳೆ ಲೀಡರ್ ಗಾಡಿ ಓಡಿಸಲಿ. ಹೊಸಬ ತಪ್ಪು ದಾರಿ ಹೇಳಿದರೂ ಆ ದಾರಿಯಲ್ಲೇ ಓಡಿಸಲಿ, ಬೇರೆ ಅಭಿಪ್ರಾಯ ಇದ್ದರೆ ಲಾಬಿಗೆ ಬಂದ ಮೇಲೆ ಹೇಳಲಿ.